ಲೈನ್ ಮನೆಗೆ ಕಂಬಳಿ ಹೊತ್ಕೊಂಡು ಹೋಗೋಕೆ ಮುಂಚೆ: ಚರ್ಚಿಂದ ಸೇವೆಗೆ ಹೊರಡೋರಿಗೆ ಒಂದಿಷ್ಟು ಮಾತು

ಹಾಸನದ ನಮ್ಮ ಚರ್ಚ್ ಯೂತ್ ಗ್ರೂಪಿಂದ ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಕಾಫಿ ಎಸ್ಟೇಟ್ ಲೈನ್ ಮನೆಗಳಿಗೆ, ಅಂದ್ರೆ ತೋಟದ ಆಳುಗಳು ಇರೋ ಸಾಲು ಮನೆಗಳಿಗೆ, ಹೋಗೋಕೆ ಶುರು ಮಾಡಿ ಐದು ವರ್ಷ ಆಯ್ತು. ಜನವರಿ ಬಂತು ಅಂದ್ರೆ ಸಾಕು, ಅಕ್ಕಪಕ್ಕದ ಊರಿನ ಹುಡುಗ್ರು ಫೋನ್ ಮಾಡಿ "ಅಣ್ಣಾ, ನಾವೂ ಒಂದು ಸೇವಾ ಟ್ರಿಪ್ ಹಾಕೋಣ ಅಂತಿದೀವಿ, ಏನೇನು ತಗೊಂಡು ಹೋಗ್ಬೇಕು" ಅಂತ ಕೇಳ್ತಾರೆ. ಎಲ್ರಿಗೂ ಅದೇ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೀತಿದೀನಿ. ಏನು ತಗೊಂಡು ಹೋಗ್ಬೇಕು ಅನ್ನೋದು ಕೊನೇ ಪ್ರಶ್ನೆ ಕಣ್ರಪ್ಪಾ, ಅದಕ್ಕೆ ಮುಂಚೆ ಮಾಡೋ ಕೆಲ್ಸ ಎರಡು ತಿಂಗಳಷ್ಟಿದೆ.

ಮೊದಲನೇ ವರ್ಷ ನಾವು ಮಾಡಿದ್ದನ್ನ ಹೇಳ್ಬಿಡ್ತೀನಿ, ನಾಚಿಕೆ ಆದ್ರೂ ಪರವಾಗಿಲ್ಲ. 60 ಕಂಬಳಿ, ಒಂದು ಬ್ಯಾನರ್, ಒಂದು ಮೈಕ್ ಸೆಟ್, ಬಿಸ್ಕತ್ತಿನ ಬಾಕ್ಸು. ಸಕಲೇಶಪುರದ ಆಚೆ ಒಂದು ತೋಟದ ಲೈನ್‌ಗೆ ಹೋಗಿ ಎಲ್ರನ್ನೂ ಸಾಲಾಗಿ ನಿಲ್ಲಿಸಿ ಕಂಬಳಿ ಕೊಟ್ಟು ಫೋಟೋ ತೆಗೆದ್ವಿ. ಒಬ್ಬ ಅಕ್ಕ ನಮ್ಮ ಹುಡುಗಿ ಒಬ್ಬಳ ಹತ್ರ ಮೆಲ್ಲಗೆ ಹೇಳ್ಕೊಂಡ್ಳು, ಗಂಡ ಆಳುಗಳನ್ನ ಕರ್ಕೊಂಡು ಬರೋ ಮೇಸ್ತ್ರಿ ಹತ್ರ 25 ಸಾವಿರ ಅಡ್ವಾನ್ಸ್ ತಗೊಂಡಿದಾನೆ, ಎರಡು ವರ್ಷದಿಂದ ಊರಿಗೆ ಬಿಟ್ಟಿಲ್ಲ, ಆಧಾರ್ ಕಾರ್ಡೂ ಮೇಸ್ತ್ರಿ ಹತ್ರನೇ ಇದೆ ಅಂತ. ನಮ್ಮ ಹುಡುಗಿ ಪಾಪ ಒಳ್ಳೇ ಮನಸ್ಸಿಂದಾನೇ ಆ ಅಕ್ಕನ ಜೊತೆ ಇರೋ ಫೋಟೋನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ ಕೆಳಗಡೆ ಇಡೀ ಕಥೆ ಬರೆದ್ಳು, ಅದು ಯಾರಿಂದ ಯಾರಿಗೆ ಹೋಯ್ತೋ ಏನೋ, ಮಾರನೇ ದಿನ ಸಂಜೆ ಹೊತ್ತಿಗೆ ಮೇಸ್ತ್ರಿ ಫೋನಲ್ಲಿತ್ತು. ವಾರ ಬಿಟ್ಟು ನಾವು ಹೋದಾಗ ಆ ಮನೆಗೆ ಬೀಗ. ಪಕ್ಕದ ಮನೆಯೋರು "ರಾತ್ರೋರಾತ್ರಿ ಜೀಪಲ್ಲಿ ಕರ್ಕೊಂಡು ಹೋದ್ರು" ಅಂದ್ರು. ಎಲ್ಲಿಗೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ನಾವು ಕೊಟ್ಟ ಕಂಬಳಿ ಮಾತ್ರ ಆ ಮನೆ ಜಗಲಿ ಮೇಲೆ ಮಡಚಿದ್ದು ಮಡಚಿದಂಗೇ ಇತ್ತು.

ಹಂಗಾಗಿ ಕೆಳಗೆ ಬರ್ದಿರೋದ್ರಲ್ಲಿ ಮುಕ್ಕಾಲು ಪಾಲು, ನಾವು ಹೋಗಿದ್ರಿಂದ ಯಾರಿಗೂ ತೊಂದ್ರೆ ಆಗದೇ ಇರೋ ಹಂಗೆ ನೋಡ್ಕೊಳೋದು ಹೆಂಗೆ ಅನ್ನೋದರ ಬಗ್ಗೆನೇ.

ಮೊದ್ಲು ಅಲ್ಲೇ ಇರೋರ ಹತ್ರ ಹೋಗಿ

ಲೈನ್ ಮನೆ ಜನ ನಮಗೆ ಹೊಸಬರು, ಆದ್ರೆ ಅವರನ್ನ ವರ್ಷವಿಡೀ ನೋಡೋರು ಊರಲ್ಲೇ ಇದಾರೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪಿಎಚ್‌ಸಿ ಸಿಸ್ಟರ್, ಸರ್ಕಾರಿ ಶಾಲೆ ಮೇಷ್ಟ್ರು, ಪಂಚಾಯ್ತಿ ಪಿಡಿಓ, ಕಾರ್ಮಿಕ ಸಂಘದೋರು. ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯ 1963ರಲ್ಲಿ ಶುರುವಾಗಿದ್ದು, ಹಾಸನ ಜಿಲ್ಲೇನೂ ಅದರೊಳಗೇ ಬರುತ್ತೆ, ಹಂಗಾಗಿ ಮಲೆನಾಡು ಕಡೆ ತುಂಬಾ ವರ್ಷದಿಂದ ಕೆಲ್ಸ ಮಾಡ್ತಿರೋ ಕಾನ್ವೆಂಟಿನ ಸಿಸ್ಟರ್‌ಗಳು ಸಿಗ್ತಾರೆ, ಅವ್ರಿಗೆ ಯಾವ ಲೈನಲ್ಲಿ ನೀರಿಲ್ಲ, ಯಾವ ಲೈನಲ್ಲಿ ಬಸುರಿ ಹೆಂಗಸು ಇದಾಳೆ ಅನ್ನೋದೆಲ್ಲ ಬಾಯಲ್ಲೇ ಇರುತ್ತೆ. ನೀವು ಹೊಸ ಜಾಗ ಹುಡುಕೋಕೆ ಹೋಗ್ಬೇಡಿ, ಇಂಥೋರು ಈಗಾಗ್ಲೇ ಕೆಲ್ಸ ಮಾಡ್ತಿರೋ ಜಾಗಕ್ಕೆ ಕೈ ಸೇರಿಸಿ. ಇಬ್ರೇ ಇಬ್ರು ಬಸ್ಸಲ್ಲಿ ಹೋಗಿ ಒಂದು ದಿನ ಕೂತು ಮಾತಾಡಿ ಬನ್ನಿ, ಹಾಸನದಿಂದ ಸಕಲೇಶಪುರಕ್ಕೆ 40 ಕಿಲೋಮೀಟರ್ ಆಸುಪಾಸು, ಬೆಳಗ್ಗೆ ಹೋದ್ರೆ ಸಂಜೆಗೆ ವಾಪಸ್.

ಕೇಳೋ ಪ್ರಶ್ನೆ ಒಂದೇ. "ಅಮ್ಮಾ, ನಿಮ್ಮ ಕೈಲಿ ಆಗದೇ ನಿಂತೋಗಿರೋ ಕೆಲ್ಸ ಯಾವ್ದು?" ನಮಗೆ ಅಲ್ಲಿನ ಒಬ್ಬ ಅಂಗನವಾಡಿ ಟೀಚರ್ ಹೇಳಿದ್ದು ಕೇಳಿ ನಿಜವಾಗ್ಲೂ ಆಶ್ಚರ್ಯ ಆಯ್ತು, ನಾವು ಅಕ್ಕಿ ಬೇಳೆ ಅಂತಾರೆ ಅಂದ್ಕೊಂಡಿದ್ವಿ, ಅವರು ಹೇಳಿದ್ದು "ಹಿಂದಿ ಬಂಗಾಳಿ ಬರೋರು ಯಾರಾದ್ರೂ ಇದ್ರೆ ಕರ್ಕೊಂಬನ್ನಿ, ಆ ತಾಯಂದ್ರ ಹತ್ರ ನನಗೆ ಮಾತೇ ಆಡೋಕಾಗಲ್ಲ" ಅಂತ.

ಯಾವಾಗ ಹೋಗೋದು

ಅರೇಬಿಕಾ ಕೊಯ್ಲು ನವೆಂಬರಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ಎಳೆಯುತ್ತೆ, ಹೊರಗಿನ ಆಳುಗಳು ಜಾಸ್ತಿ ಇರೋದು ಆವಾಗ್ಲೇ. ಅಸ್ಸಾಂ, ಬಂಗಾಳ, ಜಾರ್ಖಂಡ್, ಒಡಿಶಾ, ಆಮೇಲೆ ನಮ್ಮ ಉತ್ತರ ಕರ್ನಾಟಕದೋರು. ಕೆಜಿ ಲೆಕ್ಕದಲ್ಲಿ ಹಣ್ಣು ಕೊಯ್ಯೋರಿಗೆ ಒಂದು ಗಂಟೆ ಹಾಳಾದ್ರೂ ಕೂಲಿ ಹೋಯ್ತು, ಅವರನ್ನ ಕೆಲ್ಸದ ಹೊತ್ತಲ್ಲಿ ಕೂರಿಸಿ ಭಾಷಣ ಮಾಡಿದ್ರೆ ಅವರ ಜೇಬಿಂದ ಕಿತ್ಕೊಂಡಂಗೆ. ಸಂಜೆ ಹೋಗೋಣ ಅಂದ್ರೆ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಕಾಟ, ಕತ್ತಲಾದ ಮೇಲೆ ತೋಟದ ರಸ್ತೇಲಿ ಓಡಾಡೋದು ಬೇಡವೇ ಬೇಡ, ಹೋಗೋ ಮುಂಚೆ ಆ ಕಡೆ ಆನೆ ಇದ್ಯಾ ಅಂತ ತೋಟದ ಲೆಕ್ಕ ನೋಡ್ಕೊಳೋ ರೈಟರ್‌ನೋ ಅರಣ್ಯ ಇಲಾಖೆಯೋರನ್ನೋ ಕೇಳಿಕೊಂಡೇ ಹೊರಡಿ. ಹಂಗಾಗಿ ಉಳಿಯೋದು ರಜೆ ದಿನ. ಎಷ್ಟೋ ತೋಟದಲ್ಲಿ ಸಂತೆ ದಿನಾನೇ ರಜೆ, ಭಾನುವಾರ ಅಲ್ಲ! ಚರ್ಚಿನೋರು ಭಾನುವಾರನೇ ಪ್ಲಾನ್ ಮಾಡೋದು, ಅಲ್ಲೇ ಮೊದಲನೇ ಎಡವಟ್ಟು. ಸಂತೆ ಯಾವ ದಿನ ಅಂತ ವಿಚಾರಿಸಿ, ಬೆಳಗ್ಗೆ ಅವರು ಬಟ್ಟೆ ಒಗೆದು ಸ್ನಾನ ಮುಗಿಸಿ ಸಂತೆಗೆ ಹೊರಡೋಕೆ ಮುಂಚೆ ಒಂದೆರಡು ಗಂಟೆ, ಇಲ್ಲಾಂದ್ರೆ ಸಂತೆಯಿಂದ ಬಂದ್ಮೇಲೆ ಕತ್ತಲಾಗೋಕೆ ಮುಂಚೆ ಒಂದು ಗಂಟೆ, ಸಿಗೋದು ಅಷ್ಟೇ.

ಮಳೆಗಾಲದಲ್ಲಿ ಹೋಗಲೇಬೇಡಿ ಅನ್ನಲ್ಲ, ಕಷ್ಟ ಜಾಸ್ತಿ ಇರೋದು ಆವಾಗ್ಲೇ, ಕೆಲ್ಸ ಇರಲ್ಲ, ಚಾವಣಿ ಸೋರುತ್ತೆ. ಆದ್ರೆ ಶಿರಾಡಿ ಚಾರ್ಮಾಡಿ ಕಡೆ ಗುಡ್ಡ ಕುಸಿಯೋದು ನಿಮಗೆ ಗೊತ್ತೇ ಇದೆ, ಇಂಬಳದ ಕಾಟ ಬೇರೆ, 14 ಜನರ ಗುಂಪು ಕಟ್ಕೊಂಡು ಹೋಗೋ ಕಾಲ ಅಲ್ಲ ಅದು, ಇಬ್ರು ಮೂವರು ಹೋಗಿ ಬನ್ನಿ.

ಡಿಸೆಂಬರಿಂದ ಮೇವರೆಗೆ ಕೊಪ್ಪ, ಎನ್.ಆರ್.ಪುರ ಆ ಕಡೆ ಹೋಗೋರು ಮಂಗನ ಕಾಯಿಲೆ ಬಗ್ಗೆ ಹುಷಾರು. ಇದು ಕಾಡಿನ ಉಣ್ಣೆ ಕಚ್ಚೋದ್ರಿಂದ ಬರೋದು, 1957ರಲ್ಲಿ ಶಿವಮೊಗ್ಗ ಜಿಲ್ಲೆ ಕ್ಯಾಸನೂರಲ್ಲಿ ಮೊದಲು ಗೊತ್ತಾಗಿದ್ದು. ಮೈ ತುಂಬಾ ಬಟ್ಟೆ, ಕಾಲುಚೀಲದೊಳಗೆ ಪ್ಯಾಂಟ್, ಉಣ್ಣೆ ಕಚ್ಚದಂಗೆ ಹಚ್ಕೊಳೋಕೆ ಆರೋಗ್ಯ ಇಲಾಖೆಯೋರು ಕೊಡೋ ಡೇಪಾ ಎಣ್ಣೆ, ವಾಪಸ್ ಬಂದ್ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಕುದಿಯೋ ನೀರಿಗೆ. ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ಆಶಾ ಅಕ್ಕಂಗೆ ಹೇಳಿ.

ತೋಟದ ಮಾಲೀಕರ ವಿಷಯ

ತೋಟ ಖಾಸಗಿ ಜಾಗ, ಕೇಳದೇ ಒಳಗೆ ಹೋದ್ರೆ ಮೊದಲ ಬೈಗುಳ ರೈಟರ್‌ದು, ಎರಡನೇದು ನಾಯಿದು. ಸಾವ್ಕಾರ್ರ ಹತ್ರ ಫಾದರ್ ಒಂದು ಲೆಟರ್ ಜೊತೆ ಹೋಗಿ ನೇರವಾಗಿ ಕೇಳಿದ್ರೆ ಮುಕ್ಕಾಲು ಜನ ಬೇಡ ಅನ್ನಲ್ಲ, ನಿಜ ಹೇಳ್ಬೇಕು ಅಂದ್ರೆ ಕೆಲವ್ರು ನಮಗಿಂತ ಚೆನ್ನಾಗಿ ಆಳುಗಳನ್ನ ನೋಡ್ಕೋತಾರೆ, ಕಾಫಿ ಊಟ ಎಲ್ಲ ಕೊಟ್ಟು ಕಳಿಸ್ತಾರೆ. "ಸರ್, ಹಿಂಗಿಂಗೆ, ಆರೋಗ್ಯ ತಪಾಸಣೆ, ಕಾರ್ಡುಗಳ ಅರ್ಜಿ, ಮಕ್ಕಳ ಅಂಗನವಾಡಿ ಸೇರ್ಪಡೆ, ಇಷ್ಟು ಮಾಡ್ತೀವಿ, ಇಷ್ಟು ಜನ ಬರ್ತೀವಿ, ಇಷ್ಟೊತ್ತಿಗೆ ಹೊರಡ್ತೀವಿ" ಅಂತ ಹೇಳಿ, ಹೇಳಿದ್ದನ್ನೇ ಮಾಡಿ.

ಆದ್ರೆ ಒಂದು ಮಾತು ತಲೇಲಿ ಇರಲಿ. ಲೈನ್ ಮನೆ, ಕುಡಿಯೋ ನೀರು, ಕಕ್ಕಸು ಇವೆಲ್ಲ ಮಾಲೀಕರು ಕೊಡ್ಬೇಕಾದ್ದು ಅನ್ನೋದು 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ ಕಾಲದಿಂದ ಬಂದಿರೋ ವಿಚಾರ, ದೊಡ್ಡ ತೋಟಗಳಲ್ಲಿ 50 ಜನ ಹೆಣ್ಣಾಳು ಇದ್ರೆ ಕೂಸುಮನೆ ಕೂಡ ಇರಬೇಕು ಅಂತ ಅದರಲ್ಲೇ ಇತ್ತು. ನೀವು ಹುಂಡಿ ದುಡ್ಡಲ್ಲಿ ಹೋಗಿ ಅವರ ಲೈನಿಗೆ ಕಕ್ಕಸು ಕಟ್ಟಿಸಿಕೊಟ್ರೆ ಯಾರ ಖರ್ಚು ಉಳೀತು ಅಂತ ಯೋಚ್ನೆ ಮಾಡಿ. ನಮ್ಮಲ್ಲೇ ಈ ಬಗ್ಗೆ ಜೋರು ಜಗಳ ಆಯ್ತು, "ಜನ ಬಯಲಿಗೆ ಹೋಗ್ತಿದಾರೆ ನೀನು ಕಾನೂನು ಮಾತಾಡ್ತಿದೀಯಾ" ಅಂದ್ರು. ನಾನು ಇವತ್ತಿಗೂ ನನ್ನ ಮಾತಿಗೇ ನಿಂತಿದೀನಿ.

ಟೀಮು

ನಮ್ಮದು 14 ಜನ, ಅದೇ ಜಾಸ್ತಿ. ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸ್ರು ಇರಲಿ, ಯಾಕಂದ್ರೆ ಲೈನಲ್ಲಿ ಗಂಡಸ್ರ ಹತ್ರ ಹೆಣ್ಮಕ್ಕಳು ಬಾಯಿ ಬಿಡಲ್ಲ. ಹಿಂದಿ ಬರೋರು ಇಬ್ರು, ತಮಿಳು ಬರೋರು ಒಬ್ರು, ಅರ್ಜಿ ತುಂಬೋಕೆ ತಾಳ್ಮೆ ಇರೋರು ಮೂವರು, ಒಬ್ರು ನರ್ಸ್ ಇಲ್ಲಾ ಡಾಕ್ಟ್ರು. ಹಾಡು ಹೇಳೋರು ಬೇಕಾದಷ್ಟು ಸಿಗ್ತಾರೆ, ಅರ್ಜಿ ತುಂಬೋರು ಸಿಗಲ್ಲ!

ಮಕ್ಕಳ ವಿಷಯದಲ್ಲಿ ಒಂದು ರೂಲು, ಇದರಲ್ಲಿ ಯಾರಿಗೂ ವಿನಾಯ್ತಿ ಇಲ್ಲ, ಫಾದರ್‌ಗೂ ಇಲ್ಲ. ಯಾವ ಮಗು ಜೊತೆನೂ ನಮ್ಮೋರು ಒಬ್ಬೊಬ್ರೇ ಇರೋ ಹಂಗಿಲ್ಲ, ಇಬ್ರು ದೊಡ್ಡೋರು ಇರ್ಬೇಕು, ಎಲ್ರಿಗೂ ಕಾಣೋ ಜಾಗದಲ್ಲಿ. ಚಾಕಲೇಟ್ ಕೊಟ್ಟು ಮಡಿಲಲ್ಲಿ ಕೂರಿಸಿಕೊಳ್ಳೋದು ಬೇಡ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿರೋದು ಗೊತ್ತಾದ್ರೆ ತಿಳಿಸಲೇಬೇಕು ಅಂತ 2012ರ ಪೋಕ್ಸೋ ಕಾಯ್ದೇಲೇ ಇದೆ, "ನಮಗ್ಯಾಕೆ ಬೇಕು" ಅಂತ ಸುಮ್ನಿದ್ರೆ ಅದೂ ಅಪರಾಧ, ಇದನ್ನ ಹೊರಡೋ ಮುಂಚೆ ಎಲ್ರಿಗೂ ಕೂರಿಸಿ ಹೇಳಿ.

ದುಡ್ಡು

ಜಗಳ ಬರೋದೇ ಇಲ್ಲಿ, ಹಂಗಾಗಿ ನಮ್ಮ ಲೆಕ್ಕ ಹೇಳ್ತೀನಿ. ಹೋದ ಸಲ ಎರಡು ದಿನಕ್ಕೆ ಟೆಂಪೋ ಟ್ರಾವೆಲರ್ ಡೀಸೆಲ್ ಡ್ರೈವರ್ ಬಾಟಾ ಸೇರಿ 13,000, ಊಟ ತಿಂಡಿ ಒಬ್ಬೊಬ್ಬರಿಗೆ 400ರಂತೆ 5,600, ರಾತ್ರಿ ಉಳಿಯೋಕೆ ಕಾನ್ವೆಂಟ್ ಹಾಲ್ ಪುಕ್ಸಟ್ಟೆ. ಒಟ್ಟು 18,600. ತಲೆಗೆ 1,350 ನಮ್ಮ ಜೇಬಿಂದಾನೇ ಹಾಕಿದ್ವಿ, 18,900 ಆಯ್ತು, ಉಳಿದ 300 ಡ್ರೈವರ್ ಅಣ್ಣಂಗೆ. ತಪಸ್ಸುಕಾಲದ ಕಾಣಿಕೆ ಅಂತ ಚರ್ಚಲ್ಲಿ ಎತ್ತಿದ್ದು 22,000, ಅದರಲ್ಲಿ ಒಂದು ರೂಪಾಯಿನೂ ನಮ್ಮ ಇಡ್ಲಿಗೆ ಹೋಗಲ್ಲ ಅಂತ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿದ್ವಿ. ಆ 22,000ದಲ್ಲಿ ಅರ್ಧ ಮೊದಲನೇ ಟ್ರಿಪ್ಪಿಗೆ, ಇನ್ನರ್ಧ ಆಮೇಲಿನ ಓಡಾಟಕ್ಕೆ, ಅಂದ್ರೆ ಬಸ್ ಚಾರ್ಜು, ಜೆರಾಕ್ಸು, ತಾಲ್ಲೂಕು ಆಫೀಸಿಗೆ ಯಾರನ್ನಾದ್ರೂ ಕರ್ಕೊಂಡು ಹೋದ್ರೆ ಅವರ ಆ ದಿನದ ಕೂಲಿ. ಈ ಕೂಲಿ ಕೊಡೋದನ್ನ ಎಲ್ರೂ ಮರೀತಾರೆ. ದಿನಗೂಲಿಯೋರನ್ನ ಅರ್ಜಿ ಹಾಕಿಸ್ತೀವಿ ಅಂತ ಬೆಳಗ್ಗಿಂದ ಸಂಜೆವರೆಗೆ ಆಫೀಸ್ ಮುಂದೆ ನಿಲ್ಲಿಸಿದ್ರೆ ಅವತ್ತು ಒಲೆ ಹತ್ತೋದು ಹೆಂಗೆ.

ಏನು ಒಯ್ಯೋದು, ಈಗ ಕೇಳಿ

ಹಳೇ ಬಟ್ಟೆ ಬೇಡ. ಚರ್ಚಲ್ಲಿ ಹಳೇ ಬಟ್ಟೆ ಕೊಡಿ ಅಂದ್ರೆ ಜನ ಗುಂಡಿ ಹೋಗಿರೋ ಶರ್ಟು, ಮದುವೆಗೆ ಯಾರೋ ಕೊಟ್ಟ ಹೊಳೆಯೋ ಸೀರೆ, ಒಂದೇ ಕಾಲಿನ ಶೂ ಎಲ್ಲ ತಂದು ಸುರೀತಾರೆ, ಅದನ್ನ ಬೇರೆ ಮಾಡೋಕೆ ನಮ್ಗೆ ಮೂರು ದಿನ ಹಿಡೀತು. ಹೋಗೋ ಮುಂಚೆ ಕೇಳಿಸಿದ್ರೆ ಅವರೇ ಹೇಳ್ತಾರೆ. ಅವರು ನಮ್ಮನ್ನ ಕೇಳಿದ್ದು ಟಾರ್ಚು (ಆನೆ ಭಯ, ಕರೆಂಟ್ ಇರಲ್ಲ, ರಾತ್ರಿ ಹೆಂಗಸ್ರು ಹೊರಗೆ ಹೋಗ್ಬೇಕು), ಸೋರೋ ಚಾವಣಿಗೆ ಟಾರ್ಪಾಲು, ಹೆಣ್ಮಕ್ಕಳಿಗೆ ಪ್ಯಾಡು, ರಬ್ಬರ್ ಚಪ್ಪಲಿ. ಚಪ್ಪಲಿ ಸೈಜ್ ತಗೊಳ್ದೇ ಹೋಗಿದ್ವಿ ಒಂದ್ಸಲ, ಎಲ್ಲ 9 ನಂಬರು, ಆ ಲೈನಲ್ಲಿ ಇದ್ದಿದ್ದು ಹೆಂಗಸ್ರು ಮಕ್ಕಳು.

ಕೊಡೋದನ್ನ ಸಾಲು ನಿಲ್ಲಿಸಿ ಕೊಡ್ಬೇಡಿ. ಮನೆ ಎಣಿಸಿ, ಚೀಲ ಕಟ್ಟಿ, ಒಳಗೆ ಹೋಗಿ ಕೈಗೆ ಕೊಟ್ಟು ಬನ್ನಿ, ಎಲ್ಲ ಮನೆಗೂ ಒಂದೇ ಥರ, ಜಾತಿ ಧರ್ಮ ಊರು ನೋಡಿ ಕೊಡೋ ಹಂಗಿಲ್ಲ. ಅಸ್ಸಾಂನೋರು ಅಂದ ತಕ್ಷಣ "ಇವ್ರು ಬಾಂಗ್ಲಾದೋರಾ" ಅಂತ ನಮ್ಮ ಟೀಮಲ್ಲೇ ಒಬ್ಬ ಕೇಳ್ದ, ಅವನನ್ನ ಅಲ್ಲೇ ಪಕ್ಕಕ್ಕೆ ಕರೆದು ಬಾಯಿ ಮುಚ್ಚಿಸಬೇಕಾಯ್ತು.

ಮಾತ್ರೆ ಹಂಚೋದು ಬೇಡ. ಡಾಕ್ಟ್ರು ಇದ್ರೆ ಅವರು ನೋಡಿ ಬರ್ದು ಕೊಡ್ಲಿ, ಇಲ್ಲಾಂದ್ರೆ ಬಿಪಿ ಶುಗರ್ ನೋಡಿ ಪಿಎಚ್‌ಸಿಗೆ ಚೀಟಿ ಬರೆಯಿರಿ, ಅಷ್ಟೇ. ಎಕ್ಸ್‌ಪೈರಿ ಆಗಿರೋ ಟಾನಿಕ್ ಕೊಟ್ಟು ಬಂದು ಸೇವೆ ಅಂದ್ಕೊಂಡಿರೋ ಗುಂಪನ್ನೂ ನೋಡಿದೀನಿ.

ಲೈನ್ ಒಳಗೆ

ಮೈಕು ಬ್ಯಾನರು ಬೇಡ. ಫೋಟೋ ಬೇಡ, ಒಂದೂ ಬೇಡ, ಚರ್ಚಿಗೆ ರಿಪೋರ್ಟ್ ಕೊಡ್ಬೇಕು ಅಂದ್ರೆ ನಿಮ್ಮ ಟೆಂಪೋದ್ದು ಹಾಕಿ. ನಾವು ಊರ ಗಡಿ ದಾಟಿದ ಮೇಲೆ ಎಲ್ರ ಫೋನೂ ಒಂದು ಬ್ಯಾಗಿಗೆ ಹಾಕ್ತೀವಿ, ಟೀಮ್ ಲೀಡರ್ ಹತ್ರ ಒಂದು ಮಾತ್ರ. ಶೋಷಣೆಗೆ ಸಿಕ್ಕಿರೋ ಮಗುವಿನ ಗುರುತು ಹೊರಗೆ ಹಾಕೋದಂತೂ ಕಾನೂನಲ್ಲೇ ಅಪರಾಧ.

ಜಗಲಿ ಮೇಲೆ ಕೂರಿ ಅಂದ್ರೆ ಕೂರಿ, ನೆಲ ಒರೆಸಿಕೊಂಡು ಕೂರ್ಬೇಡಿ. ಕಾಫಿ ಕೊಟ್ರೆ ಕುಡೀರಿ. ಹಾಲಿಲ್ಲದ ಬೆಲ್ಲದ ಕಾಫಿ ಅದು, ಕಾಫಿ ಬೆಳೆಯೋ ತೋಟದಲ್ಲೇ ಕೆಲ್ಸ ಮಾಡೋರಿಗೆ ಸಿಗೋದು ಚಿಕೋರಿ ಜಾಸ್ತಿ ಇರೋ ಪುಡಿ, ಇರಲಿ. ಅಕ್ಕ, ಅಣ್ಣ, ಅಮ್ಮ ಅನ್ನಿ, ಬಂಗಾಳಿಯೋರಿಗೆ ದೀದಿ, ದಾದಾ, ಯಾರನ್ನೂ "ಏನಮ್ಮಾ ನಿನ್ನ ಹೆಸ್ರು" ಅಂತ ಆಫೀಸರ್ ಥರ ಕೇಳ್ಬೇಡಿ. ಊರು ಯಾವ್ದು, ಮಕ್ಕಳೆಷ್ಟು, ಮಳೆ ಬೆಳೆ ಹೆಂಗೆ, ಇಷ್ಟರಿಂದ ಶುರುವಾದ್ರೆ ಸಾಕು. ಸಾಲದ ವಿಷಯ ನೀವಾಗೇ ಎತ್ತಬೇಡಿ, ಮೇಸ್ತ್ರಿಯೋ ರೈಟರೋ ಹತ್ರ ಇದ್ದಾಗಂತೂ ಅವರಾಗಿ ಎತ್ತಿದ್ರೂ ಮಾತು ಬದಲಾಯಿಸಿ.

ಪ್ರಾರ್ಥನೆ ವಿಷಯ. ಇದು ಚರ್ಚ್ ಟ್ರಿಪ್ಪು, ಪ್ರಾರ್ಥನೆ ನಮ್ಮ ಉಸಿರು, ಸರಿ. ನಾವು ಬೆಳಗ್ಗೆ ಹೊರಡೋ ಮುಂಚೆ ಕಾನ್ವೆಂಟಲ್ಲಿ ಪೂಜೆ ಮುಗಿಸ್ಕೊಂಡು ಹೋಗ್ತೀವಿ, ಸಂಜೆ ಬಂದು ಜಪಸರ ಹೇಳ್ತೀವಿ, ಮಧ್ಯದಲ್ಲಿ ಲೈನಲ್ಲಿ ಬೈಬಲ್ಲು, ಕರಪತ್ರ, ಜಪಮಾಲೆ ಯಾವ್ದೂ ಹಂಚಲ್ಲ. ಟಾರ್ಚ್ ಬೇಕಾಗಿರೋ ಮನುಷ್ಯನ ಕೈಗೆ ಟಾರ್ಚ್ ಜೊತೆ ಕರಪತ್ರ ಇಟ್ರೆ ಅವನು ಬೇಡ ಅನ್ನೋಕಾಗುತ್ತಾ? ಆಗಲ್ಲ ಅಂದ್ಮೇಲೆ ಅದು ಸರಿಯಲ್ಲ. ಯಾರಾದ್ರೂ ಅವರಾಗೇ "ನನ್ನ ಮಗೂಗೆ ಹುಷಾರಿಲ್ಲ, ಪ್ರಾರ್ಥನೆ ಮಾಡಿ" ಅಂದ್ರೆ ಬೇರೆ ಮಾತು, ಮೆಲ್ಲಗೆ ಮಾಡಿ, ಆಮೇಲೆ ಆ ಮಗೂನ ಪಿಎಚ್‌ಸಿಗೆ ಕರ್ಕೊಂಡು ಹೋಗಿ.

ಕಾಗದದ ಕೆಲ್ಸ, ಇದೇ ಮುಖ್ಯ

ಎರಡು ದಿನದಲ್ಲಿ ಬಡತನ ಹೋಗಲ್ಲ, ಆದ್ರೆ ಎರಡು ದಿನದಲ್ಲಿ 20 ಅರ್ಜಿ ತುಂಬಬಹುದು. ನಾವು ಒಂದು ದಪ್ಪ ಲೆಕ್ಕದ ಪುಸ್ತಕ ಇಟ್ಟು ಮನೆಗೊಂದು ಪುಟ ಮಾಡ್ತೀವಿ, ಅವರು ಹೇಳಿದಷ್ಟೇ ಬರೀತೀವಿ, ಆ ಪುಸ್ತಕ ಸಿಸ್ಟರ್ ಬೀರುವಿಗೆ ಹೋಗುತ್ತೆ, ಯಾರ ಫೋನಿಗೂ ಹೋಗಲ್ಲ.

ರೇಷನ್ ಇಂದ ಶುರು ಮಾಡಿ. ಬೇರೆ ರಾಜ್ಯದ ಕಾರ್ಡ್ ಇದ್ರೂ ಇಲ್ಲಿನ ನ್ಯಾಯಬೆಲೆ ಅಂಗಡೀಲಿ ಬೆರಳಚ್ಚು ಕೊಟ್ಟು ಕೇಂದ್ರದ ಪಾಲಿನ ಧಾನ್ಯ ತಗೋಬಹುದು, ಒಂದು ದೇಶ ಒಂದು ರೇಷನ್ ಕಾರ್ಡ್ ಅನ್ನೋದು ಅದೇ, ಅಸ್ಸಾಂ ಕೂಡ 2022ರ ಜೂನಲ್ಲಿ ಸೇರಿ ದೇಶ ಪೂರ್ತಿ ಆಯ್ತು. ಲೈನಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಇದು ಗೊತ್ತೇ ಇರಲಿಲ್ಲ, ಅಂಗಡಿಯವ್ನಿಗೆ ಗೊತ್ತಿದ್ರೂ "ಸರ್ವರ್ ಇಲ್ಲ" ಅಂದು ಕಳಿಸ್ತಿದ್ದ. ನಮ್ಮ ಹುಡುಗ ಒಬ್ಬ ಜೊತೆಗೆ ಹೋಗಿ ನಿಂತ್ಕೊಂಡ, ಸರ್ವರ್ ಬಂತು! ರೇಷನ್ ಕಾರ್ಡಿಗೆ ಆಧಾರ್ ಲಿಂಕ್ ಆಗಿರಬೇಕು, ಮನೇಲಿ ಉಳಿದೋರ ಪಾಲು ಊರಲ್ಲೇ ತಗೋಬಹುದು ಅನ್ನೋದನ್ನೂ ಹೇಳಿ, ಇಲ್ಲಾಂದ್ರೆ "ಅಲ್ಲಿ ಅಮ್ಮಂಗೆ ಕಟ್ ಆಗುತ್ತೆ" ಅಂತ ಹೆದರ್ತಾರೆ.

ಅಂಗನವಾಡಿಗೆ 6 ತಿಂಗಳಿಂದ 6 ವರ್ಷದ ಮಕ್ಕಳು, ಬಸುರಿ ಬಾಣಂತಿಯರು, ಯಾವ ರಾಜ್ಯದೋರಾದ್ರೂ ಸೇರಬಹುದು. ಬಸುರಿ ಬಾಣಂತಿಯರಿಗೆ ಊಟ ಕೊಡೋ ಮಾತೃಪೂರ್ಣ ಯೋಜನೆ ನಮ್ಮ ರಾಜ್ಯದಲ್ಲಿ 2017ರಿಂದ ಇದೆ. ತೊಂದ್ರೆ ಎಲ್ಲಿ ಅಂದ್ರೆ ಅಂಗನವಾಡಿ ಇರೋದು ಊರಲ್ಲಿ, ಲೈನ್ ಇರೋದು ಮೂರು ಕಿಲೋಮೀಟರ್ ಒಳಗೆ, ಕೊಯ್ಲು ಬಿಟ್ಟು ಯಾವ ತಾಯಿ ದಿನಾ ಕರ್ಕೊಂಡು ಹೋಗ್ತಾಳೆ. ತೋಟದ ಜೀಪು ಬೆಳಗ್ಗೆ ಹಾಲು ತರೋಕೆ ಊರಿಗೆ ಹೋಗುತ್ತಲ್ಲ, ಅದರಲ್ಲೇ ಮಕ್ಕಳನ್ನ ಬಿಡಿ ಅಂತ ಸಾವ್ಕಾರ್ರನ್ನ ಕೇಳಿದ್ವಿ, ಒಪ್ಪಿದ್ರು. ಐದು ವರ್ಷದಲ್ಲಿ ನಮ್ಮಿಂದ ಆಗಿರೋ ಕೆಲ್ಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ಇದೇ, ಒಂದು ಪೈಸೆ ಖರ್ಚಿಲ್ಲ.

ಶಾಲೆ ವಿಷಯ. 6ರಿಂದ 14 ವರ್ಷದ ಮಗುವಿಗೆ ಟಿಸಿ ಇಲ್ಲ, ಜನನ ಪತ್ರ ಇಲ್ಲ ಅಂತ ಸೇರಿಸ್ಕೊಳ್ಳೋಲ್ಲ ಅನ್ನೋ ಹಂಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ. ಮೇಷ್ಟ್ರುಗಳು ಸಾಮಾನ್ಯವಾಗಿ ಒಳ್ಳೆಯವರೇ, ಮಕ್ಕಳ ಸಂಖ್ಯೆ ಇಲ್ಲದೇ ಶಾಲೆ ಮುಚ್ಚೋ ಕಾಲ ಇದು, ಖುಷಿಯಿಂದ ಸೇರಿಸ್ಕೋತಾರೆ. ಇನ್ನು ಇ-ಶ್ರಮ್, ಅಂದ್ರೆ ಅಸಂಘಟಿತ ಕಾರ್ಮಿಕರ ಕೇಂದ್ರದ ನೋಂದಣಿ, 16ರಿಂದ 59 ವರ್ಷದೋರಿಗೆ, ಆಧಾರ್ ಇದ್ರೆ ಹತ್ತು ನಿಮಿಷದ ಕೆಲ್ಸ.

ಶೋಷಣೆ ಕಂಡ್ರೆ

ಇಲ್ಲಿ ನಿಧಾನವಾಗಿ ಓದಿ. ಎಲ್ಲ ತೋಟದಲ್ಲೂ ಇದೆ ಅಂತ ನಾನು ಹೇಳ್ತಿಲ್ಲ, ಆದ್ರೆ ಈ ಗುರುತುಗಳು ಎರಡು ಮೂರು ಒಟ್ಟಿಗೆ ಕಂಡ್ರೆ ಎಚ್ಚರ ಆಗಿ. ಅಡ್ವಾನ್ಸ್ ತೀರೋವರೆಗೆ ಬೇರೆ ಕಡೆ ಕೆಲ್ಸಕ್ಕೆ ಹೋಗೋ ಹಂಗಿಲ್ಲ, ಆಧಾರ್ ಬ್ಯಾಂಕ್ ಕಾರ್ಡ್ ಫೋನು ಮೇಸ್ತ್ರಿ ಹತ್ರ, ಬಟವಾಡೆ ಇಲ್ಲ ಬರೀ ಖರ್ಚಿಗೆ ಅಂತ ವಾರಕ್ಕೆ ಇಷ್ಟು, ಸಂತೆಗೆ ಹೋದ್ರೂ ಹಿಂದೆ ಒಬ್ಬ, ಎಷ್ಟು ದುಡಿದ್ರೂ ಸಾಲ ಜಾಸ್ತಿನೇ ಆಗೋದು, ಗಂಡ ಊರಿಗೆ ಹೋದ್ರೆ ಹೆಂಡ್ತಿ ಮಕ್ಕಳು ಇಲ್ಲೇ ಒತ್ತೆ ಥರ. ಬೇಡಿ ಹಾಕಿ ಕಟ್ಟಿಹಾಕಿದ್ರೆ ಮಾತ್ರ ಜೀತ ಅಂದ್ಕೊಂಡಿರೋರು ತುಂಬಾ ಜನ. 1976ರ ಜೀತ ಪದ್ಧತಿ ರದ್ದತಿ ಕಾಯ್ದೇಲಿ ಮುಂಗಡ ಸಾಲಕ್ಕೆ ಕಟ್ಟುಬಿದ್ದು ದುಡಿಯೋದೇ ಜೀತ, 1982ರಲ್ಲಿ ಏಷ್ಯಾಡ್ (ದೆಹಲಿ ಏಷ್ಯನ್ ಗೇಮ್ಸ್) ಕಟ್ಟಡ ಕೆಲಸಗಾರರ ಕೇಸಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸೋದೂ ಬಲವಂತದ ದುಡಿಮೆನೇ ಅಂದಿದೆ.

ಆವಾಗ ಏನು ಮಾಡಬಾರ್ದು ಅನ್ನೋದು ಮೊದ್ಲು. ಮೇಸ್ತ್ರಿ ಹತ್ರ ಜಗಳಕ್ಕೆ ಹೋಗ್ಬಾರ್ದು. ನಿಮ್ಮ ಟೆಂಪೋದಲ್ಲಿ ಆ ಸಂಸಾರಾನ ಹತ್ತಿಸ್ಕೊಂಡು ಬರಬಾರ್ದು, ಸಿನಿಮಾ ಥರ ಅನ್ಸುತ್ತೆ, ಆದ್ರೆ ಹಂಗೆ ಬಂದೋರಿಗೆ ಬಿಡುಗಡೆ ಪ್ರಮಾಣಪತ್ರ ಕೊಡಿಸೋದು ಕಷ್ಟ ಆಗುತ್ತೆ, ಅದಿಲ್ದೇ ಪುನರ್ವಸತಿ ಇಲ್ಲ, ಮೇಲಾಗಿ ನಿಮ್ಮ ಮೇಲೇ ಕಂಪ್ಲೇಂಟ್ ಬೀಳಬಹುದು. ಚರ್ಚ್ ಹುಂಡಿಯಿಂದ ಸಾಲ ತೀರಿಸೋದೂ ಬೇಡ! ನಮ್ಮ ಒಬ್ಬ ಅಂಕಲ್ 25 ಸಾವಿರ ತಾನೇ, ನಾನೇ ಕೊಡ್ತೀನಿ ಅಂತ ನಿಂತಿದ್ರು. ಜೀತದ ಸಾಲ ಆ ಕಾಯ್ದೆ ಪ್ರಕಾರ ರದ್ದಾಗಿರೋ ಸಾಲ, ಅದನ್ನ ನೀವು ಕಟ್ಟಿದ್ರೆ ಮೇಸ್ತ್ರಿ ಆ ದುಡ್ಡಲ್ಲಿ ಮುಂದಿನ ಸಂಸಾರಾನ ಕರ್ಕೊಂಡು ಬರ್ತಾನೆ.

ಮಾಡ್ಬೇಕಾದ್ದು ಹಿಂಗೆ. ಅವರು ಹೇಳಿದ್ದನ್ನ ಅವರ ಮಾತಲ್ಲೇ ನೆನಪಿಟ್ಕೊಳ್ಳಿ, ತೋಟದಿಂದ ಹೊರಗೆ ಬಂದ್ಮೇಲೆ ಬರ್ಕೊಳ್ಳಿ. ಯಾವ ಊರಿಂದ ಬಂದ್ರು, ಯಾವಾಗ, ಯಾರು ಕರ್ಕೊಂಡು ಬಂದ್ರು, ಅಡ್ವಾನ್ಸ್ ಎಷ್ಟು, ಕೈಗೆ ಸಿಕ್ಕಿರೋದೆಷ್ಟು, ಮಕ್ಕಳು ಎಷ್ಟು ಜನ. "ದೂರು ಕೊಡ್ಲಾ ಅಕ್ಕಾ" ಅಂತ ಅವರನ್ನೇ ಕೇಳಿ, ದೊಡ್ಡೋರು ಬೇಡ ಅಂದ್ರೆ ಸಿಸ್ಟರ್ ಹತ್ರ ಚರ್ಚೆ ಮಾಡಿ, ಅವಸರ ಬೇಡ. ಮಕ್ಕಳ ವಿಷಯ ಆದ್ರೆ ಕಾಯೋದು ಬೇಡ, 1098. ಈಗಲೇ ಪ್ರಾಣಕ್ಕೆ ಅಪಾಯ ಅಂದ್ರೆ 112. ಹೆಣ್ಮಕ್ಕಳ ಮೇಲೆ ದೌರ್ಜನ್ಯ ಅಂದ್ರೆ 181, ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರ ಇರುತ್ತೆ, ಆಸ್ಪತ್ರೆ ಪೊಲೀಸು ವಕೀಲರು ಎಲ್ಲದಕ್ಕೂ ಅಲ್ಲೇ ಸಹಾಯ ಸಿಗುತ್ತೆ.

ಜೀತದ ದೂರು ಹೋಗ್ಬೇಕಾದ್ದು ಡಿಸಿಗೆ (ಜಿಲ್ಲಾಧಿಕಾರಿ) ಇಲ್ಲಾ ಎಸಿಗೆ (ಉಪವಿಭಾಗಾಧಿಕಾರಿ), ನಮ್ಮ ಕಡೆ ಅಂದ್ರೆ ಸಕಲೇಶಪುರ, ಹಾಸನ, ಚಿಕ್ಕಮಗಳೂರು, ತರೀಕೆರೆ ಉಪವಿಭಾಗದ ಕಚೇರಿಗಳು. ಲಿಖಿತದಲ್ಲಿ ಕೊಟ್ಟು ಮೊಹರು ಹಾಕಿರೋ ಪ್ರತಿ ಇಸ್ಕೊಳ್ಳಿ. ಅವರು ಬಂದು ವಿಚಾರಣೆ ಮಾಡಿ ಜೀತ ಅಂತ ಖಾತ್ರಿ ಆದ್ರೆ ಬಿಡುಗಡೆ ಪ್ರಮಾಣಪತ್ರ ಕೊಡ್ತಾರೆ, ಈ ಒಂದು ಕಾಗದ ಕೈಗೆ ಬರೋವರೆಗೆ ಬೆನ್ನು ಬಿಡಬೇಡಿ. ಕೇಂದ್ರದ ಯೋಜನೇಲಿ ತಕ್ಷಣದ ಸಹಾಯ 30,000 ರೂಪಾಯಿವರೆಗೆ ಇದೆ, ಆಮೇಲೆ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ಮಾನವ ಸಾಗಾಣಿಕೆ, ಲೈಂಗಿಕ ಶೋಷಣೆಯಂಥ ಕ್ರೂರ ಕೇಸಾದ್ರೆ 3 ಲಕ್ಷ. ದೊಡ್ಡ ಮೊತ್ತ ಕೇಸ್ ಸಾಬೀತಾಗೋವರೆಗೆ ಎಳೆಯುತ್ತೆ, ಅದನ್ನ ಮೊದಲೇ ಹೇಳಿಬಿಡಿ, ಸುಳ್ಳು ಆಸೆ ಹುಟ್ಟಿಸಬೇಡಿ. ವಕೀಲರಿಗೆ ದುಡ್ಡು ಕೊಡೋ ಅಗತ್ಯ ಇಲ್ಲ, ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತೆ, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದೋರು, ಸಾಗಾಣಿಕೆ ಜೀತಕ್ಕೆ ಸಿಕ್ಕಿದೋರು ಎಲ್ರಿಗೂ ಪುಕ್ಸಟ್ಟೆ, ನಂಬರ್ 15100.

14 ವರ್ಷದೊಳಗಿನ ಮಗು ಕೊಯ್ಲಲ್ಲಿ ಕಂಡ್ರೆ ತಕ್ಷಣ ಕೂಗಾಡ್ಬೇಡಿ, ಎಷ್ಟೋ ಸಲ ಮನೇಲಿ ಬಿಡೋಕೆ ಯಾರೂ ಇಲ್ದೇ ಅಮ್ಮನ ಜೊತೆ ಬಂದು ಹಣ್ಣು ಹೆಕ್ತಿರುತ್ತೆ. ಅದಕ್ಕೆ ಮದ್ದು ಆ ಅಂಗನವಾಡಿ ಜೀಪು, ಶಾಲೆ. ದಿನಾ ಮಗು ಹೆಸರಲ್ಲೇ ತೂಕ ಬರ್ಕೋತಿದಾರೆ ಅಂದ್ರೆ ಮಾತ್ರ ಅದು ಬೇರೆ ದಾರಿ, ಲೇಬರ್ ಆಫೀಸು, 1098.

ವಾಪಸ್ ಬಂದ ಮೇಲೆ

ಬಂದ ರಾತ್ರಿನೇ ಒಂದು ಗಂಟೆ ಕೂತು ಮಾತಾಡಿ. ಕೆಲವ್ರಿಗೆ ನಿದ್ದೆ ಬರಲ್ಲ, ನೋಡಿದ್ದು ಕಣ್ಣ ಮುಂದೆ ಬರುತ್ತೆ, ಅದನ್ನ ಹೇಳ್ಕೊಳೋಕೆ ಜಾಗ ಬೇಕು. ಮುಂದಿನ ಭಾನುವಾರ ಚರ್ಚಲ್ಲಿ ಹೇಳೋವಾಗ ತೋಟದ ಹೆಸ್ರು, ಊರಿನ ಹೆಸ್ರು, ಮನುಷ್ಯರ ಹೆಸ್ರು ಯಾವ್ದೂ ಬೇಡ, ಇಷ್ಟು ಅರ್ಜಿ ಹಾಕಿದ್ವಿ, ಇಷ್ಟು ಖರ್ಚಾಯ್ತು, ಇಷ್ಟು ಉಳಿದಿದೆ ಅಂದ್ರೆ ಸಾಕು.

ಆಮೇಲೆ ಮೂರು ವಾರ ಬಿಟ್ಟು ಇಬ್ರು ಬಸ್ಸಲ್ಲಿ ವಾಪಸ್ ಹೋಗಿ. ಟೆಂಪೋ ಬೇಡ, ಗುಂಪು ಬೇಡ, ಆ ಲೆಕ್ಕದ ಪುಸ್ತಕ, ಜೆರಾಕ್ಸ್ ಕಾಪಿಗಳು, ಒಂದು ಪೆನ್ನು. ಎರಡನೇ ಸಲ ಹೋದಾಗ್ಲೇ ಜನ ನಿಜ ಹೇಳೋದು, ಮೊದಲನೇ ಸಲ ಹೇಳಿದ್ದು ನಮ್ಮ ಮುಖ ನೋಡಿ ಹೇಳಿರ್ತಾರೆ ಅಷ್ಟೇ. ನಾವು ಹೋದ ಏಪ್ರಿಲಲ್ಲಿ ಹೋದಾಗ ಆ ಲೈನಿನ ಅರ್ಧ ಮನೆ ಖಾಲಿ, ಕೊಯ್ಲು ಮುಗ್ದು ಊರಿಗೆ ಹೋಗಿದ್ರು, ಉಳಿದೋರಲ್ಲಿ ಏಳು ಜನಕ್ಕೆ ರೇಷನ್ ಸಿಕ್ಕಿತ್ತು, ನಾಲ್ಕು ಅರ್ಜಿ ತಿರಸ್ಕಾರ ಆಗಿತ್ತು, ಹೆಸರಿನ ಸ್ಪೆಲ್ಲಿಂಗ್ ತಪ್ಪು. ತಪ್ಪು ನಮ್ಮದೇ, ಅರ್ಜಿ ತುಂಬಿದ್ದು ನಾನು. ಈ ಸಲ ಆ ನಾಲ್ಕು ಪುಟಕ್ಕೆ ಕೆಂಪು ಗುರುತು ಹಾಕಿಟ್ಟಿದೀವಿ, ಅವರು ನವೆಂಬರಲ್ಲಿ ಮತ್ತೆ ಬರ್ತೀವಿ ಅಂದಿದಾರೆ, ಬಂದ ವಾರದಲ್ಲೇ ಹೋಗ್ಬೇಕು.